ಪಟ್ಟಿಮೀಮಾಂಸೆ ಅಥವಾ ನಕ್ಷತ್ರಚಿಹ್ನೆಯ ಮಿಥ್ಯಾತ್ವ ನಿರೂಪಣೆ

ಪಟ್ಟಿ ಎಂಬುದು ನಿಜವೋ ಬರೀ ತೋರಿಕೆಯೋ ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರು ಎತ್ತಲಿಲ್ಲ. ಅವರ ಕಾಲಕ್ಕೆ ಸ್ಪೇಸ್‌ಬಾರ್ ಬಂದಿರಲಿಲ್ಲವಾದ್ದರಿಂದ ಕ್ಷಮಿಸಬಹುದು. ಇಂದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವವರು ಎರಡು ಮತಗಳಾಗಿ ಒಡೆದಿದ್ದಾರೆ. ಸಾಲಿನ ತಲೆಗೊಂದು ನಕ್ಷತ್ರವನ್ನೋ ಅಡ್ಡಗೆರೆಯನ್ನೋ ಇಟ್ಟು, ನಾಲ್ಕು ಸಲ ಸ್ಪೇಸ್ ಒತ್ತಿದರೆ ಪಟ್ಟಿಯಾಯಿತು ಎನ್ನುವವರು ದೃಷ್ಟಿವಾದಿಗಳು. ವರ್ಡ್‌ನ ಬುಲೆಟ್ ಗುಂಡಿಯಿಂದಲೋ ಎಚ್‌ಟಿಎಂಎಲ್‌ನ ಯುಎಲ್, ಓಎಲ್, ಎಲ್‌ಐ ಟ್ಯಾಗುಗಳಿಂದಲೋ ಕಡತದ ಹೊಟ್ಟೆಯೊಳಗೇ ದಾಖಲಾದದ್ದು ಮಾತ್ರ ಪಟ್ಟಿ ಎನ್ನುವವರು ರಚನಾವಾದಿಗಳು. ದೃಷ್ಟಿವಾದಿಗಳು ಬಹುಸಂಖ್ಯಾತರು, ಶ್ರಮಜೀವಿಗಳು; ಆದರೂ ಅವರು ಈವರೆಗೆ ಒಂದೇ ಒಂದು ಪಟ್ಟಿಯನ್ನೂ ಮಾಡಿಲ್ಲ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಈ ವ್ಯಾಜ್ಯದಲ್ಲಿ ಪ್ರತ್ಯಕ್ಷ ಪ್ರಮಾಣ ನಡೆಯದು, ಶಬ್ದವೊಂದೇ ಪ್ರಮಾಣ. ತೀರ್ಪುಗಾರ, ಪರದೆಯ ಬರಹವನ್ನು ಕಣ್ಣಿಲ್ಲದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಆಗಿರುವಾಗ ಬೇರೆ ದಾರಿಯೂ ಇಲ್ಲ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು, ಮೈಕೆಲ್ ಕರನ್ ಮತ್ತು ಜೇಮ್ಸ್ ಟೇ, 2006ರಲ್ಲಿ ಕೈಹಾಕಿ ಬೆಳೆಸಿದ ಉಚಿತ ತಂತ್ರಾಂಶ ಎನ್‌ವಿಡಿಎಯನ್ನೇ ಸಾಕ್ಷಿಕಟ್ಟೆಗೆ ಕರೆಯೋಣ. ಜಾಲಪುಟದಲ್ಲಿ ನಿಜವಾದ ಪಟ್ಟಿ ಸಿಕ್ಕರೆ ಅದು ಮೊದಲು 'ಐದು ಅಂಶಗಳ ಪಟ್ಟಿ' ಎಂದು ಸಾರುತ್ತದೆ, ಮುಗಿದಾಗ ಮುಗಿಯಿತೆನ್ನುತ್ತದೆ. ಎಲ್ ಕೀಲಿ ಒತ್ತಿದರೆ ಮುಂದಿನ ಪಟ್ಟಿಗೆ, ಐ ಒತ್ತಿದರೆ ಮುಂದಿನ ಅಂಶಕ್ಕೆ ಜಿಗಿತ. ವಿದ್ಯಾರ್ಥಿವೇತನದ ಅರ್ಜಿಗೆ ಏನೇನು ಲಗತ್ತಿಸಬೇಕೆಂದು ಕೇಳುತ್ತಿರುವವಳಿಗೆ, ಇನ್ನೂ ಎಷ್ಟು ಕಾಗದ ಬಾಕಿಯಿದೆ ಎಂಬ ಅರಿವು ಮೊದಲೇ ಸಿಗುತ್ತದೆ. ದೃಷ್ಟಿವಾದಿಯ ಕೃತಿಯಲ್ಲಾದರೋ, ಚಿಹ್ನೆಗಳನ್ನು ಓದುವ ಸೆಟ್ಟಿಂಗ್ ಹೇಗಿದೆಯೋ ಹಾಗೆ, ಒಂದೋ 'ಸ್ಟಾರ್ ಆಧಾರ್ ಪ್ರತಿ, ಸ್ಟಾರ್ ಆದಾಯ ಪ್ರಮಾಣಪತ್ರ' ಎಂಬ ಘೋಷಣೆ, ಇಲ್ಲವೇ ಎಣಿಕೆಯೂ ಕೊನೆಯೂ ತಿಳಿಯದ ಪ್ರವಾಹ. ಎಲ್ ಕೀಲಿ ಅದರ ಮೇಲಿಂದ ಹಾರಿಹೋಗುತ್ತದೆ. ಇಲ್ಲದ ವಸ್ತುವಿನ ಮೇಲೆ ಅದು ನಿಲ್ಲುವುದಾದರೂ ಹೇಗೆ?

ಕೆಲವರ ಅನುಕೂಲಕ್ಕಾಗಿ ಎಲ್ಲರೂ ಬುಲೆಟ್ ಗುಂಡಿ ಹುಡುಕಬೇಕೆ ಎಂದು ಪೂರ್ವಪಕ್ಷ. ಸುತ್ತೋಲೆಯ 'ಉಲ್ಲೇಖ'ದಲ್ಲಿ ಕೈಯಿಂದ 1, 2, 3, 4 ಟೈಪಿಸಿದ ಮೇಲೆ, ಮೂರರ ಕೆಳಗೆ ಇನ್ನೊಂದು ಪತ್ರ ಸೇರಿಸಿ ಎಂದು ಸಾಹೇಬರು ಅಪ್ಪಣೆ ಕೊಟ್ಟಾಗ ಕಣ್ಣಿರುವವರೇ ಉತ್ತರ ಕಂಡುಕೊಳ್ಳುತ್ತಾರೆ: ಎರಡು ನಾಲ್ಕುಗಳು, ಅಥವಾ ಒಂದು 3ಎ. ಇನ್ನು ಕಾನೂನಿನ ಮಾತಿಗೆ ಬಂದರೆ, ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 42ನೇ ಕಲಮು ವಿದ್ಯುನ್ಮಾನ ವಿಷಯಗಳೆಲ್ಲ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕು ಎನ್ನುತ್ತದೆ. ಆ ಕಾಯ್ದೆಯನ್ನು ಉಲ್ಲೇಖಿಸುವ ಪತ್ರವನ್ನೂ ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸುವುದು ನಮ್ಮ ಸಂಪ್ರದಾಯ. ಆಗ ಉಳಿಯುವುದು ಪಟ್ಟಿಯಲ್ಲ, ಪಟ್ಟಿಯ ಭಾವಚಿತ್ರ. ಪಿಡಿಎಫ್‌ನಲ್ಲಿ ಪಟ್ಟಿಗೆಂದೇ ಟ್ಯಾಗುಗಳಿವೆ, ಎಲ್ಲರಿಗೂ ಎಟುಕುವ ಪಿಡಿಎಫ್‌ಗೆಂದು 2012ರಲ್ಲಿ ಐಎಸ್‌ಒ 14289 ಎಂಬ ಮಾನಕವೂ ಬಂದಿದೆ. ವರ್ಡ್ ಕಡತವನ್ನು 'ಸೇವ್ ಆಸ್' ಮೂಲಕ ಟ್ಯಾಗು ಸಮೇತ ಉಳಿಸಿದರೆ ಅವು ಬದುಕುತ್ತವೆ, 'ಪ್ರಿಂಟ್' ಮೂಲಕ ಹೋದರೆ ಸಾಮಾನ್ಯವಾಗಿ ದಾರಿಯಲ್ಲೇ ಸಾಯುತ್ತವೆ. (ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತಗಳು ಈ ಚರ್ಚೆಯಿಂದ ಮುಕ್ತ. ಅಲ್ಲಿ ಸ್ಕ್ರೀನ್ ರೀಡರಿಗೆ ಕನ್ನಡವೇ ಕನ್ನಡವಲ್ಲ, ಪಟ್ಟಿಯ ಮಾತೆಲ್ಲಿ ಬಂತು.)

ಹಾಗಾದರೆ ಕಂಡದ್ದನ್ನೆಲ್ಲ ಪಟ್ಟಿ ಮಾಡಿಬಿಡೋಣವೆಂಬುದು ಮತಾಂತರಗೊಂಡವರ ಉತ್ಸಾಹ. ಇದು ಮೊದಲಿನ ರೋಗಕ್ಕಿಂತ ಕೆಟ್ಟದ್ದು. ಅಂಚು ಬಿಡಲೆಂದು ಪಟ್ಟಿ, ಒಂದೇ ಅಂಶಕ್ಕೊಂದು ಪಟ್ಟಿ, ಪಟ್ಟಿಯೊಳಗೆ ಪಟ್ಟಿಯೊಳಗೆ ಪಟ್ಟಿ. ಕೇಳುಗನಿಗೆ ವಿಷಯಕ್ಕಿಂತ ಪ್ರಕಟಣೆಗಳೇ ಹೆಚ್ಚು. ಈ ಅತಿರೇಕಕ್ಕೆ ಆಪಲ್‌ನ ಸಫಾರಿ ಕಠಿಣ ಪ್ರಾಯಶ್ಚಿತ್ತ ವಿಧಿಸಿದೆ. ವಿನ್ಯಾಸಕರು ಅಂದಕ್ಕೆಂದು ಸಿಎಸ್‌ಎಸ್‌ನಲ್ಲಿ ಬುಲೆಟ್ಟುಗಳನ್ನು ಅಳಿಸಿದರೆ, ಸಂಚರಣೆಯ ಕೊಂಡಿಗಳಂಥ ಕೆಲವು ಕಡೆ ಬಿಟ್ಟು, ಅದು ಆಪಲ್‌ನದೇ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್‌ಗೆ ಪಟ್ಟಿಯ ಸುದ್ದಿಯನ್ನೇ ಮುಟ್ಟಿಸುವುದಿಲ್ಲ. ಕಾಣದ್ದು ಪಟ್ಟಿಯಲ್ಲ ಎಂಬ ದೃಷ್ಟಿವಾದ ಹೀಗೆ ಯಂತ್ರದ ಹಿಂಬಾಗಿಲಿನಿಂದ ನುಸುಳಿದ್ದು ಮೀಮಾಂಸಕರಿಗೆ ತಲೆನೋವು. ಪರಿಹಾರ ಉಂಟು: ಯುಎಲ್ ಟ್ಯಾಗಿಗೆ 'ರೋಲ್' ಎಂಬ ಗುಣವಿಶೇಷ ಸೇರಿಸಿ, ಬೆಲೆ 'ಲಿಸ್ಟ್' ಎಂದು ಬರೆಯಬೇಕು. ಪಟ್ಟಿಯಾಗಿಯೇ ಹುಟ್ಟಿದ ಪಟ್ಟಿ, ಪಿಂಚಣಿದಾರರು ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸುವಂತೆ, ತಾನು ಪಟ್ಟಿಯೇ ಎಂದು ಲಿಖಿತವಾಗಿ ಒಪ್ಪಿಸಬೇಕು.