ಮೊದಲ ಸೆಮ್‌ನ ಪಾಸ್‌ಶಾಸ್ತ್ರ

ಎಂಜಿನಿಯರಿಂಗ್ ಮೊದಲ ಸೆಮ್‌ಗೆ ಕಾಲಿಟ್ಟ ಮಕ್ಕಳೇ, ಹಿರಿಯರ ಬುದ್ಧಿಮಾತಿಗೆ ಮಾತ್ರ ಕಿವಿಗೊಡಬೇಡಿ. ದಿನಾ ಓದಬೇಕಂತೆ, ಅಂದಿನ ಪಾಠ ಅಂದೇ ಮುಗಿಸಬೇಕಂತೆ, ಅರ್ಥವಾಗದಿದ್ದರೆ ಎದ್ದು ನಿಂತು ಕೇಳಬೇಕಂತೆ! ಇವರೆಲ್ಲ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಹುಟ್ಟುವ ಮೊದಲು, ಅಂದರೆ 1998ಕ್ಕಿಂತ ಹಿಂದೆ, ಡಿಗ್ರಿ ಮುಗಿಸಿದವರು. ನಿಮಗೆ ಬೇಕಾದ ವಿದ್ಯೆ ಲೈಬ್ರರಿಯಲ್ಲಿಲ್ಲ, ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿದೆ. ಯಾವ ಮಾಡ್ಯೂಲಿನ ಯಾವ ಪ್ರಶ್ನೆ ಈ ಸಲ ಗ್ಯಾರಂಟಿ ಎಂದು ಅಲ್ಲಿನ ಅಣ್ಣ ಕಣ್ಣು ಮುಚ್ಚಿ ಹೇಳುತ್ತಾನೆ. ಪಾಠ ಮಾಡುವವರಿಗೆ ಅಷ್ಟು ಧೈರ್ಯವಿಲ್ಲ.

ಮೊದಲು ಗಣಿತ ಕಲಿಯಿರಿ. ಎಂ-ಒನ್ ಅಲ್ಲ, ಪಾಸಾಗುವ ಗಣಿತ. 2022ರ ಸ್ಕೀಮ್ ಪ್ರಕಾರ ಪ್ರಶ್ನೆಪತ್ರಿಕೆ 100 ಅಂಕದ್ದು. ಐದು ಮಾಡ್ಯೂಲ್, ಒಂದೊಂದರಿಂದ 20 ಅಂಕದ ಎರಡು ಪ್ರಶ್ನೆ, ಯಾವುದಾದರೂ ಒಂದಕ್ಕೆ ಉತ್ತರಿಸಿದರೆ ಸಾಕು. ಬಂದ ಅಂಕವನ್ನು 50ಕ್ಕೆ ಇಳಿಸುತ್ತಾರೆ. ಅದರಲ್ಲಿ ಕನಿಷ್ಠ 18 ಬರಬೇಕು. ಇಂಟರ್ನಲ್ಸ್‌ನ 50ರಲ್ಲಿ 20 ಬೇಕು. ಎರಡೂ ಸೇರಿ 40 ಆಗಬೇಕು. ಎಂದರೆ, ಎರಡೇ ಮಾಡ್ಯೂಲ್ ಅಚ್ಚುಕಟ್ಟಾಗಿ ಉರು ಹೊಡೆದರೆ 100ಕ್ಕೆ 40, ಇಳಿಸಿದ ಮೇಲೆ 20. ಇಂಟರ್ನಲ್ಸ್‌ನ 20 ಸೇರಿದರೆ ದಡ ಸೇರಿದಿರಿ. ಮಿಕ್ಕ ಮೂರು ಮಾಡ್ಯೂಲ್ ಇರುವುದು ಪಠ್ಯಪುಸ್ತಕಕ್ಕೆ ತೂಕ ಬರಲಿ ಎಂದು. ಇಂಟಿಗ್ರೇಷನ್ ಬಾರದ ಹುಡುಗನೂ ಈ ಲೆಕ್ಕವನ್ನು ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುತ್ತಲೇ ಮುಗಿಸುತ್ತಾನೆ. ಹಾಜರಾತಿ ನಿಯಮ ಶೇಕಡಾ 85. ತಕ್ಕ ಕಾರಣವಿದ್ದರೆ 75ರವರೆಗೆ ಮಾಫಿ. ಹಾಗಾಗಿ ನಿಯಮವೇ 75 ಎಂದು ತಿಳಿದು, ಕಾರಣಗಳನ್ನು ಸೆಮ್ ಶುರುವಾದಾಗಲೇ ಕೂಡಿಡತೊಡಗಿ.

ಮುಂದಿನದು ಸಿ ಪ್ರೋಗ್ರಾಮಿಂಗ್. ಇದು ಬಾಯಿಪಾಠಕ್ಕೆ ಬಗ್ಗುವುದಿಲ್ಲ ಎಂದು ಭಾವಿಸಿದವರು ನಮ್ಮ ಮಕ್ಕಳನ್ನು ನೋಡಿಲ್ಲ. ಮಗ್ಗಿ ಒಪ್ಪಿಸಿದಂತೆ ಸೆಮಿಕೋಲನ್ ಸಮೇತ ಒಪ್ಪಿಸುತ್ತಾರೆ. ಅದೇ ಸ್ಕೀಮ್‌ನ ಲ್ಯಾಬ್ ಪಟ್ಟಿಯಲ್ಲಿ ಕರೆಂಟ್ ಬಿಲ್ ಲೆಕ್ಕ ಹಾಕುವ ಪ್ರೋಗ್ರಾಂ ಒಂದಿದೆ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ ನೂರಕ್ಕೆ 90 ಪೈಸೆ, ಆಮೇಲೆ ಒಂದು ರೂಪಾಯಿ. ಈ ದರದ ರಾಮರಾಜ್ಯ ಎಲ್ಲಿದೆ ಎಂದು ತರಗತಿಯಲ್ಲಿ ಯಾರೂ ಕೇಳುವುದಿಲ್ಲ; ಬಿಲ್ ಕಟ್ಟುವವರು ಅಪ್ಪ.

ಈಗ ಕಿಡಿಗೇಡಿ ಮೇಷ್ಟ್ರೊಬ್ಬರು ಇಂಟರ್ನಲ್ಸ್‌ನಲ್ಲಿ, 'ಗೃಹಜ್ಯೋತಿ ಬಂದಿದೆ, 200 ಯೂನಿಟ್‌ವರೆಗೆ ಬಳಸಿದವರಿಗೆ ಉಚಿತ ಮಾಡಿ ಬರೆಯಿರಿ' ಅಂದರು ಎಂದಿಟ್ಟುಕೊಳ್ಳಿ. ಬದಲಿಸಬೇಕಾದ್ದು ಒಂದು ಸಾಲು. ತರಗತಿಯಲ್ಲಿ ಕರೆಂಟು ಹೋದಂತಾಗುತ್ತದೆ. 'ಔಟ್ ಆಫ್ ಸಿಲಬಸ್ ಸಾರ್!' ಮಾರನೆಯ ದಿನ ಎಚ್‌ಒಡಿ ಕೊಠಡಿಯ ಮುಂದೆ ನಿಯೋಗ.

ಈ ಮಕ್ಕಳನ್ನು ಸೋಮಾರಿಗಳೆಂದು ಬೈಯುವವರು ಮನಶ್ಶಾಸ್ತ್ರ ಓದಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಸಂಶೋಧಕರು ಕೆಲವರಿಗೆ ಒಂದು ಪಾಠವನ್ನು ಮತ್ತೆ ಓದಲು ಹೇಳಿದರು, ಇನ್ನು ಕೆಲವರಿಗೆ ಅದನ್ನು ಮುಚ್ಚಿಟ್ಟು ನೆನಪಾದದ್ದನ್ನು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಮುಚ್ಚಿಟ್ಟು ಬರೆದವರು. ಹಾಲ್‌ನ ಹೊರಗೆ ಕೊನೆಯ ಗಂಟೆ ಬಾರಿಸುವವರೆಗೂ ಜೆರಾಕ್ಸ್ ತಿರುವುವ ನಮ್ಮ ಹುಡುಗ ಈ ಪ್ರಬಂಧ ಓದಿಲ್ಲ, ಆದರೆ ಅದರ ಮೊದಲರ್ಧವನ್ನು ಅಕ್ಷರಶಃ ಪಾಲಿಸುತ್ತಾನೆ. ವಾರದ ಮೇಲೆ ನೆನಪಿಟ್ಟುಕೊಂಡು ಅವನೇನು ಮಾಡಬೇಕು? ಯಾರೂ ಕೇಳುವುದಿಲ್ಲವಲ್ಲ! ಹಳೆಯ ಪ್ರಶ್ನೆಗಳನ್ನೇ ತಿರುಗಿಸಿ ಕೇಳುವವರಿಗೆ ಹಳೆಯ ಉತ್ತರವನ್ನೇ ತಿರುಗಿಸಿ ಕೊಡುವುದು ಸೋಮಾರಿತನವಲ್ಲ, ಸೌಜನ್ಯ.

ಕೇಳುವವರು ಬರುವುದು ನಾಲ್ಕು ವರ್ಷದ ಮೇಲೆ, ಕ್ಯಾಂಪಸ್ ಇಂಟರ್‌ವ್ಯೂಗೆ. ಅವರು ಆ ಒಂದು ಸಾಲನ್ನೇ ಬದಲಿಸಿ ಬರೆ ಅನ್ನುತ್ತಾರೆ. ಆಮೇಲೆ ನಮ್ಮ ಎಂಜಿನಿಯರು ಬಿಟಿಎಂ ಲೇಔಟಿನಲ್ಲಿ ಪಿಜಿ ಹಿಡಿದು, ಪಕ್ಕದ ರಸ್ತೆಯ ಟ್ರೇನಿಂಗ್ ಸೆಂಟರಿಗೆ ದುಡ್ಡು ಕಟ್ಟಿ, 'ಇಫ್' ಅಂದರೇನು, 'ಲೂಪ್' ಅಂದರೇನು ಎಂದು ಮೊದಲಿನಿಂದ ಶುರುಮಾಡುತ್ತಾನೆ. ಅಲ್ಲಿ ಮಾತ್ರ ಒಂದು ಕ್ಲಾಸೂ ತಪ್ಪಿಸುವುದಿಲ್ಲ. ಅಂದಿನ ಪಾಠ ಅಂದೇ ಮುಗಿಸುತ್ತಾನೆ, ಎದ್ದು ನಿಂತು ಕೇಳುತ್ತಾನೆ.

ಇತ್ತ ಕಾಲೇಜಿನ ಗೇಟಿಗೆ 'ಶೇಕಡಾ ನೂರು ಫಲಿತಾಂಶ' ಎಂಬ ಫ್ಲೆಕ್ಸ್ ಏರಿದೆ. ಆ ಕಿಡಿಗೇಡಿ ಮೇಷ್ಟ್ರೂ ತಿದ್ದಿಕೊಂಡಿದ್ದಾರೆ. ಲ್ಯಾಬಿನಲ್ಲಿ ಯೂನಿಟ್ ದರ ಮತ್ತೆ 80 ಪೈಸೆಗೆ ಬಂದು ನಿಂತಿದೆ.