ಪಿಂಚಣಿಯ ನಿಯಮ ಬರೆಯುವವರಿಗೆ ಅಕ್ಕೋಳದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಪ್ಪಾಣಿ ಸುತ್ತಲಿನ ಹಳ್ಳಿಗಳಲ್ಲಿ ಬೀಡಿ ಕಟ್ಟಿ, ತಂಬಾಕಿನ ವಖಾರಿಗಳಲ್ಲಿ ದುಡಿದು ಈಗ ಮುಪ್ಪಿಗೆ ಬಂದಿರುವ ಹೆಂಗಸರ ಪಿಂಚಣಿ ಕಾಗದಗಳ ಬಗ್ಗೆ ಈ ಪತ್ರ. ಅವರ ಕಾಗದ ಓದಿ ಹೇಳುವುದು, ಅರ್ಜಿ ತುಂಬಿಕೊಡುವುದು ನಾನು ಊರಿನಲ್ಲಿ ಮಾಡುತ್ತ ಬಂದ ಕೆಲಸ. ಹಾಗಾಗಿ ನಿಮ್ಮ ನಿಯಮಗಳು ದೆಹಲಿಯಲ್ಲಿ ಹೇಗೆ ಕಾಣುತ್ತವೋ ನನಗೆ ತಿಳಿಯದು, ಅಕ್ಕೋಳದ ಕಟ್ಟೆಯ ಮೇಲೆ ಹೇಗೆ ಕಾಣುತ್ತವೆ ಎಂಬುದನ್ನು ಮಾತ್ರ ಬರೆಯುತ್ತಿದ್ದೇನೆ.

ನಿಪ್ಪಾಣಿ ಎಂದರೆ ಹೊರಗಿನವರಿಗೆ ನೆನಪಾಗುವುದು 1981ರ ತಂಬಾಕು ಬೆಳೆಗಾರರ ಚಳವಳಿ. ಅದೇ ಕಾಲದಲ್ಲಿ ವಖಾರಿಗಳ ಹೆಂಗಸರೂ ಸಂಘ ಕಟ್ಟಿ ಕೂಲಿಗಾಗಿ, ಮರ್ಯಾದೆಗಾಗಿ ಎದ್ದು ನಿಂತಿದ್ದರು. ಯುಗಾಂತರ್ ಎಂಬ ಮಹಿಳೆಯರ ತಂಡ 1982ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರವನ್ನೇ ಮಾಡಿತು. ಬೀಡಿ ಉದ್ಯಮ ಭವಿಷ್ಯ ನಿಧಿ ಕಾನೂನಿನೊಳಗೆ ಬಂದದ್ದು 1977ರಲ್ಲಿ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರು ತಮ್ಮ ನೌಕರರಲ್ಲ ಎಂದು ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. ಆ ವಾದ ಅಲ್ಲಿ 1985ರಲ್ಲಿ ಬಿದ್ದುಹೋಯಿತು. ಈ ಭವಿಷ್ಯ ನಿಧಿ, ಅಂದರೆ ಪಿಎಫ್, ಈ ಹೆಂಗಸರಿಗೆ ಯಾರೋ ಕರೆದು ಕೊಟ್ಟ ದಾನವಲ್ಲ, ಹೋರಾಡಿ ಪಡೆದ ಹಕ್ಕು. ಅದನ್ನು ಇವತ್ತು ಒಂದು ಅಕ್ಷರದ ತಪ್ಪಿಗೆ ಕಳೆದುಕೊಳ್ಳಬೇಕಾಗಿ ಬಂದಾಗ ಹೊಟ್ಟೆ ಉರಿಯುತ್ತದೆ.

ಈ ಪಿಎಫ್ ಜೊತೆಗೇ ಸೇರಿದ ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಮಾಲೀಕನ ಪಾಲಿನಿಂದ ಸಂಬಳದ ನೂರಕ್ಕೆ 8.33 ಈ ಪಿಂಚಣಿಯ ನಿಧಿಗೆ ಹೋಗುತ್ತದೆ, ಕೇಂದ್ರ ಸರ್ಕಾರ 1.16 ಸೇರಿಸುತ್ತದೆ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ. 4,900 ರೂಪಾಯಿ ಸಂಬಳದ ಮೇಲೆ ಹತ್ತು ವರ್ಷ ದುಡಿದವಳಿಗೆ ಲೆಕ್ಕದ ಪ್ರಕಾರ ಬರುವುದು 700. ಕನಿಷ್ಠ ಪಿಂಚಣಿಯನ್ನು 2014ರ ಸೆಪ್ಟೆಂಬರಿನಲ್ಲಿ ಸಾವಿರಕ್ಕೆ ಏರಿಸಿದ್ದರಿಂದ ಆಕೆಗೆ ಸಾವಿರ ಸಿಗುತ್ತದೆ. ಏನೂ ಕಟ್ಟದೆ ಸಿಗುವ ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯೇ 1,200 ಕೊಡುತ್ತದೆ. ಸಾವಿರ ಸಾಲದು ಎಂಬುದು ದೇಶದ ಪಿಂಚಣಿದಾರರೆಲ್ಲ ಹೇಳುತ್ತಿರುವ ಮಾತು, ಅದು ನ್ಯಾಯವಾದ ಮಾತು. ನನ್ನ ತಕರಾರು ಮಾತ್ರ ಆ ಸಾವಿರವೂ ಕೈಸೇರದವರ ಪರವಾಗಿದೆ.

ಪಿಂಚಣಿ ಸಿಗಲು ಸೇವೆ ಹತ್ತು ವರ್ಷ ತುಂಬಬೇಕು. ಆರು ತಿಂಗಳು ಅಥವಾ ಹೆಚ್ಚು ಇದ್ದರೆ ಅದನ್ನು ಒಂದು ವರ್ಷವೆಂದು ಎಣಿಸುತ್ತೀರಿ. ಒಂಬತ್ತು ವರ್ಷ ಆರು ತಿಂಗಳು ದುಡಿದವಳಿಗೆ ಸಾಯುವವರೆಗೆ ಪಿಂಚಣಿ, ಆಮೇಲೆ ಗಂಡನಿಗೂ ಪಿಂಚಣಿ. ಒಂಬತ್ತು ವರ್ಷ ಐದು ತಿಂಗಳಿನವಳಿಗೆ ಒಂದೇ ಸಲ ಒಂದಿಷ್ಟು ದುಡ್ಡು, ಅಲ್ಲಿಗೆ ಮುಗಿಯಿತು. ನಡುವೆ ಇರುವುದು ಒಂದೇ ತಿಂಗಳು. ಆ ತಿಂಗಳು ಎಲ್ಲಿ ಕಳೆದುಹೋಗುತ್ತದೆ ಗೊತ್ತೇ? ಗುತ್ತಿಗೆದಾರ ಬದಲಾದಾಗ ಹೊಸ ಪಿಎಫ್ ನಂಬರ್ ಬರುತ್ತದೆ, ಹಳೆಯ ನಂಬರಿನ ಸೇವೆ ಅಲ್ಲಿಯೇ ಉಳಿಯುತ್ತದೆ. ಬೀಡಿ ಕಟ್ಟುವವಳು ಎಲೆ, ತಂಬಾಕು ತಂದು, ಕಟ್ಟಿದ ಬೀಡಿ ಎಣಿಸಿ ಕೊಟ್ಟು ಮನೆಗೆ ಬರುತ್ತಾಳೆ. ರಜಿಸ್ಟರಿನಲ್ಲಿ ಯಾರ ಹೆಸರು ಬಿತ್ತು, ಯಾವ ತಿಂಗಳು ಖಾಲಿ ಉಳಿಯಿತು ಎಂದು ಆಕೆ ನೋಡುವ ಹಾಗಿರಲಿಲ್ಲ, ಯಾರೂ ತೋರಿಸಲೂ ಇಲ್ಲ.

ಇನ್ನು ಹೆಸರು. ನಮ್ಮದು ಗಡಿಯ ಊರು. ಲೆಕ್ಕ ಬರೆಯುವ ದಿವಾಣಜಿ ಮರಾಠಿಯಲ್ಲಿ ಬರೆದ ಶಾಂತಾಬಾಯಿ ಆಧಾರಿನಲ್ಲಿ ಶಾಂತವ್ವ ಆಗುತ್ತಾಳೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರ ಹಿಡಿದು ಮೂರನೆಯವಳಾಗುತ್ತಾಳೆ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದ್ದರೆ ತಂದೆಯ ಹೆಸರು, ಆಮೇಲಾದರೆ ಗಂಡನ ಹೆಸರು. ಹುಟ್ಟಿದ ತಾರೀಖಂತೂ ಅಂದಾಜಿನದು, ಜೂನ್ 1 ಎಂದು ಬರೆದು ಮುಗಿಸಿದ್ದು. ಇವನ್ನೆಲ್ಲ ಸರಿಪಡಿಸಲು ಜಂಟಿ ಘೋಷಣೆ ಎಂಬ ಅರ್ಜಿ ಇದೆ, ಅದಕ್ಕೆ ಮಾಲೀಕನ ಒಪ್ಪಿಗೆ ಬೇಕು. 2025ರ ಜನವರಿಯಲ್ಲಿ ನೀವು ಇದನ್ನು ಸಡಿಲಿಸಿದಿರಿ, ಸಂತೋಷವೇ. ಆದರೆ ತಾನೇ ತಿದ್ದಿಕೊಳ್ಳುವ ಸವಲತ್ತು 2017ರ ಅಕ್ಟೋಬರ್ 1ರ ನಂತರ ಯುಎಎನ್, ಅಂದರೆ ಮಾಲೀಕ ಬದಲಾದರೂ ಬದಲಾಗದ ಪಿಎಫ್ ನಂಬರ್, ಪಡೆದವರಿಗೆ. ನಮ್ಮ ಹೆಂಗಸರು ಅದಕ್ಕೂ ಎಷ್ಟೋ ಹಿಂದಿನವರು, ಅವರಲ್ಲಿ ಹಲವರಿಗೆ ಯುಎಎನ್ ಎಂದರೇನೆಂದೇ ಗೊತ್ತಿಲ್ಲ. ತಪ್ಪು ಯಾರ ದಾಖಲೆಯಲ್ಲಿ ಹೆಚ್ಚೋ ಅವರಿಗೇ ತಿದ್ದುವ ದಾರಿ ಕಡಿದಾಗಿದೆ. ಮಾಲೀಕ ಅಂಗಡಿ ಮುಚ್ಚಿ ವರ್ಷಗಳಾಗಿರುತ್ತವೆ, ಗುತ್ತಿಗೆದಾರ ತೀರಿಹೋಗಿರುತ್ತಾನೆ. ಸಹಿ ಯಾರು ಹಾಕಬೇಕು?

ಸಣ್ಣ ಮಾಲೀಕರ ಕಷ್ಟವನ್ನೂ ನಾನು ಬಲ್ಲೆ. ಪ್ರತಿ ತಿಂಗಳು 15ರೊಳಗೆ ಚಲನ್, ತಪ್ಪಿದರೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, ಅದರ ಮೇಲೆ ದಂಡ, ಆಡಳಿತ ಶುಲ್ಕವೆಂದು ಕನಿಷ್ಠ 500 ರೂಪಾಯಿ. ಒಬ್ಬನೇ ದಿವಾಣಜಿ ಇಟ್ಟುಕೊಂಡವನು ಇದನ್ನೆಲ್ಲ ತೂಗಿಸುವುದು ಸುಲಭವಲ್ಲ. ಅವನು ಅವಸರದಲ್ಲಿ ಬರೆದ ತಪ್ಪಿನ ಫಲವನ್ನು ಮಾತ್ರ ಮೂವತ್ತು ವರ್ಷಗಳ ನಂತರ ಆಕೆ ಉಣ್ಣುತ್ತಾಳೆ.

ಪಿಂಚಣಿ ಶುರುವಾದವರ ಪಾಡು ಬೇರೆ. ವರ್ಷಕ್ಕೊಮ್ಮೆ ಜೀವಂತವಾಗಿದ್ದೇನೆಂದು ತೋರಿಸಬೇಕು. ತಂಬಾಕಿನ ಹುಡಿಯಲ್ಲಿ, ಎಲೆ ಮಡಚುವ ಕೆಲಸದಲ್ಲಿ ಸವೆದ ಬೆರಳು ಥಂಬ್ ಯಂತ್ರಕ್ಕೆ ಸಿಗುವುದಿಲ್ಲ. ಯಾವ ಬೆರಳು ದುಡಿದು ಈ ಪಿಂಚಣಿ ಗಳಿಸಿತೋ ಅದನ್ನೇ ಯಂತ್ರ ಒಪ್ಪುವುದಿಲ್ಲ. 2022ರಲ್ಲಿ ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆ ತಂದಿರಿ. ಅದು ನಿಜಕ್ಕೂ ಒಳ್ಳೆಯ ಕೆಲಸ, ಎಷ್ಟೋ ಜನರಿಗೆ ಉಪಕಾರವಾಗಿದೆ. ಸ್ಮಾರ್ಟ್‌ಫೋನ್ ಇರುವ ಮಗನೋ ಮೊಮ್ಮಗಳೋ ಮನೆಯಲ್ಲಿ ಇಲ್ಲದವರ ಬಾಗಿಲಿಗೆ ಅಂಚೆಯವರು ತಪ್ಪದೆ ಬರಲಿ, ಅದಕ್ಕೆ ಮುದುಕಿಯಿಂದ ದುಡ್ಡು ಕೇಳದಿರಲಿ. ಪ್ರಮಾಣಪತ್ರ ಬರಲಿಲ್ಲವೆಂದು ಪಿಂಚಣಿ ನಿಲ್ಲಿಸುವ ಮುಂಚೆ ಒಬ್ಬರು ಹೋಗಿ ನೋಡಿ ಬರಲಿ.

ನನ್ನ ಮುಖ್ಯ ಬೇಡಿಕೆ ಇದು. 2012ರಲ್ಲಿ ಆನ್‌ಲೈನ್ ಚಲನ್ ಬರುವ ತನಕ ಮಾಲೀಕರು ಪ್ರತಿ ವರ್ಷ ಪ್ರತಿ ಸದಸ್ಯರ ಹೆಸರಿನಲ್ಲಿ ಫಾರಂ 3ಎ, ಎಲ್ಲರದ್ದೂ ಸೇರಿಸಿ 6ಎ ನಿಮ್ಮ ಕಚೇರಿಗಳಿಗೇ ಕೊಡಬೇಕಿತ್ತು. ಅಂದರೆ ಆಕೆಯ ಸೇವೆಯ ಲೆಕ್ಕ ಇರಬೇಕಾದದ್ದು ನಿಮ್ಮ ಕಪಾಟಿನಲ್ಲಿ, ಆಕೆಯ ಟ್ರಂಕಿನಲ್ಲಿ ಅಲ್ಲ. ಆ ಕಡತಗಳನ್ನು ತೆಗೆದು, ಒಬ್ಬಳ ಬೇರೆ ಬೇರೆ ನಂಬರುಗಳನ್ನು ನೀವೇ ಜೋಡಿಸಿ. ಬೀಡಿ ಕಾರ್ಮಿಕರಿಗೆ ಕಾರ್ಮಿಕ ಕಲ್ಯಾಣ ಇಲಾಖೆಯೇ ಫೋಟೊ ಹಚ್ಚಿ ಗುರುತಿನ ಚೀಟಿ ಕೊಟ್ಟಿದೆ. ಮಾಲೀಕನಿಲ್ಲದ ಕಡೆ ಆ ಚೀಟಿಯನ್ನೇ ಸಾಕ್ಷಿಯೆಂದು ಒಪ್ಪಿ. ಹತ್ತು ವರ್ಷಕ್ಕೆ ಕೆಲವೇ ತಿಂಗಳು ಕಡಿಮೆ ಬಿದ್ದವರ ಅರ್ಜಿಯನ್ನು ಹಳೆಯ ಫಾರಂ ನೋಡದೆ ತಿರಸ್ಕರಿಸಬೇಡಿ. 58 ತುಂಬುವ ಒಂದು ವರ್ಷ ಮುಂಚೆ ಸೇವೆಯ ಪಟ್ಟಿ ಆಕೆಯ ಮನೆಗೆ ಬರಲಿ, ಕನ್ನಡದಲ್ಲಿ, ಬೇಕೆಂದವರಿಗೆ ಮರಾಠಿಯಲ್ಲಿ. ಯಾವ ತಿಂಗಳು ಬಿಟ್ಟುಹೋಗಿದೆ ಎಂದು ಹೇಳಲು ಆಗ ಆಕೆಗೂ ಸಮಯ ಇರುತ್ತದೆ, ಜೊತೆಗೆ ಕೂತು ಬೀಡಿ ಕಟ್ಟಿದವರು ಸಾಕ್ಷಿ ಹೇಳಲು ಇನ್ನೂ ಇರುತ್ತಾರೆ.

ಇತಿ,
ಅಕ್ಕೋಳದ ಒಬ್ಬ ನಿವಾಸಿ
ನಿಪ್ಪಾಣಿ ತಾಲ್ಲೂಕು, ಬೆಳಗಾವಿ ಜಿಲ್ಲೆ