ಪ್ಲಾನಪ್ಪನ ಚಿನ್ನದ ಹೊಳೆ

ಕ್ಯಾಲಿಫೋರ್ನಿಯಾದ ಕನ್ನಡಿಗರ ಯುಗಾದಿ ಊಟದ ಸಾಲಿನಲ್ಲಿ ನಿಮ್ಮ ಹಿಂದೆ ಇಂಥವನೊಬ್ಬ ನಿಂತೇ ಇರುತ್ತಾನೆ. ಕೋಸಂಬರಿ ಬಡಿಸಿಕೊಳ್ಳುವಾಗ "ಆಗಸ್ಟ್‌ನಲ್ಲಿ ಫ್ರೀ ಇದ್ದೀರಲ್ಲ?" ಎಂದು ಕೇಳುತ್ತಾನೆ. ಹೋಳಿಗೆ ತಟ್ಟೆಗೆ ಬೀಳುವ ಹೊತ್ತಿಗೆ ನೀವು ಉತ್ತರ ಯೂಬಾ ನದಿಯಲ್ಲಿ ಚಿನ್ನ ಜಾಲಿಸಲು ಹೊರಟ ತಂಡದ ಸದಸ್ಯರು. ತುಪ್ಪ ಬರುವಷ್ಟರಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಉಸ್ತುವಾರಿಯೂ ನಿಮ್ಮ ತಲೆಗೆ ಬಂದಿರುತ್ತದೆ. ಹೆಸರು ಹೇಳುವುದು ಬೇಡ. ಫ್ರೀಮಾಂಟಿನಿಂದ ಸನಿವೇಲ್‌ವರೆಗೆ ಇವರ ಸಂತತಿ ದೊಡ್ಡದು, ಒಬ್ಬನ ಹೆಸರು ಬರೆದರೆ ಹತ್ತು ಜನ ಮುನಿಸಿಕೊಳ್ಳುತ್ತಾರೆ. ಪ್ಲಾನಪ್ಪ ಎಂದಿಟ್ಟುಕೊಳ್ಳೋಣ.

ಪ್ಲಾನಪ್ಪನ ಕಣ್ಣಿರುವುದು ಆ ನದಿಯ ದಂಡೆಯ ಡೌನಿವಿಲ್ ಎಂಬ ಊರಿನ ಮೇಲೆ. 1849ರಲ್ಲಿ ಚಿನ್ನಕ್ಕೆ ಮುಗಿಬಿದ್ದವರ ನೆನಪಿಗೆಂದು 49ನೇ ನಂಬರು ಪಡೆದ ಹೆದ್ದಾರಿ, ಸಿಯೆರಾ ನೆವಾಡಾ ಬೆಟ್ಟಗಳೊಳಗೆ ಸುತ್ತಿ ಸುತ್ತಿ ಆ ಊರು ಮುಟ್ಟುತ್ತದೆ. ಒಂದು ಕಾಲದಲ್ಲಿ ಸಾವಿರಾರು ಜನ ಗಿಜಿಗುಟ್ಟಿದ ಊರಿನಲ್ಲಿ ಈಗ ಮುನ್ನೂರು ಜನವೂ ಇಲ್ಲ. ಊರು ದಾಟಿದರೆ ಫೋನಿಗೆ ಸಿಗ್ನಲ್ ಸಿಗುವುದೂ ಕಷ್ಟ. ಬೇರೆಯವರು ಇದನ್ನು ಕೇಳಿ ಹಿಂದೆ ಸರಿಯುತ್ತಾರೆ, ಇವನು ಹಿಗ್ಗುತ್ತಾನೆ. ಸಿಗ್ನಲ್ ಇಲ್ಲವೆಂದರೆ ಎಲ್ಲವನ್ನೂ ಮೊದಲೇ ಯೋಚಿಸಬೇಕು. ಯೋಚಿಸುವುದಕ್ಕೆ ಸ್ಪ್ರೆಡ್‌ಶೀಟು ಬೇಕು. ಸ್ಪ್ರೆಡ್‌ಶೀಟಿಗೆ ಸಭೆ ಬೇಕು.

ವಿಷಯಜ್ಞಾನದಲ್ಲಿ ಅವನನ್ನು ಅಲ್ಲಾಡಿಸುವಂತಿಲ್ಲ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಹಾಗಾಗಿ ಹೊಳೆ ತಿರುಗುವಲ್ಲಿ ಒಳಮಗ್ಗುಲಿಗೆ, ದೊಡ್ಡ ಬಂಡೆಯ ಮರೆಗೆ, ತಳದ ಕಲ್ಲಿನ ಬಿರುಕಿಗೆ ಚಿನ್ನ ಹೋಗಿ ಕೂರುತ್ತದೆ. ಕಾಗೆಬಂಗಾರ ಬಿಸಿಲಿಗೆ ಹಿಡಿದಾಗ ಮಾತ್ರ ಮಿನುಗುತ್ತದೆ, ನಿಜವಾದದ್ದು ನೆರಳಿನಲ್ಲೂ ಹೊಳೆಯುತ್ತದೆ. ಸೂಜಿಯಿಂದ ಒತ್ತಿದರೆ ಕಾಗೆಬಂಗಾರ ಪುಡಿಯಾಗುತ್ತದೆ, ಚಿನ್ನ ಬರೀ ತಗ್ಗುತ್ತದೆ. ಇಷ್ಟೆಲ್ಲ ಗೊತ್ತಿರುವ ಮನುಷ್ಯ ಇನ್ನೂ ಆ ಹೊಳೆಗೆ ಕಾಲಿಟ್ಟಿಲ್ಲ.

ವಂಶದ ಬಲವೂ ಇದೆಯಂತೆ. ಅವನು ಗದಗಿನ ಕಡೆಯವನು. ಅಲ್ಲಿಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮಳೆಗಾಲ ಕಳೆದ ಮೇಲೆ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಆ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದರು. "ರಕ್ತದಾಗ ಬಂದೈತ್ರಿ ನಮಗ" ಎಂದು ಪ್ಲಾನಪ್ಪ ಎದೆ ಮುಟ್ಟಿಕೊಳ್ಳುತ್ತಾನೆ. ಅವನ ಅಜ್ಜ ಹತ್ತಿಯ ಅಡತಿ ಅಂಗಡಿ ಇಟ್ಟಿದ್ದವರು. ಜಲಗಾರರಿಗೂ ಆ ಮನೆಗೂ ಇದ್ದ ಸಂಬಂಧ ಏನೆಂದು ಕೇಳಿದರೆ ಮಾತು ಬದಲಿಸುತ್ತಾನೆ.

ಸಾಮಾನಿನ ವಿಷಯ ಬೇರೆಯೇ. ಹಸಿರು ಪ್ಲಾಸ್ಟಿಕ್ಕಿನ ಹದಿನಾಲ್ಕು ಇಂಚಿನ ತಟ್ಟೆ (ಹಸಿರಿನ ಮೇಲೆ ಕರಿಮರಳೂ ಚಿನ್ನವೂ ಬೇರೆ ಬೇರೆಯಾಗಿ ಕಾಣುತ್ತವೆ), ಜರಡಿ, ಕರಿಮರಳು ಎಳೆಯುವ ಅಯಸ್ಕಾಂತ, ಕಣ ಹೀರುವ ಪುಟ್ಟ ಬಾಟಲಿ, ಮಂಡಿಗೆ ಕಟ್ಟುವ ದಿಂಬು. ಸ್ಯಾಮ್ ಬ್ರಾನನ್ನನ ಕತೆಯನ್ನು ಎಲ್ಲ ಸಭೆಗಳಲ್ಲೂ ಹೇಳುತ್ತಾನೆ. 1848ರಲ್ಲಿ ಆ ವ್ಯಾಪಾರಿ ಚಿನ್ನ ತೊಳೆಯಲು ಹೋಗದೆ, ಸಲಿಕೆ ತಟ್ಟೆಗಳನ್ನು ತನ್ನ ಅಂಗಡಿಗೆ ತುಂಬಿಸಿಕೊಂಡು, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ "ಚಿನ್ನ, ಚಿನ್ನ" ಎಂದು ಕೂಗುತ್ತ ನಡೆದು ಶ್ರೀಮಂತನಾದ. "ನೋಡ್ರಿ, ದುಡ್ಡು ಮಾಡಿದಾವ ಸಲಿಕಿ ಮಾರಿದಾವ!" ಎಂದು ಚಪ್ಪಾಳೆ ತಟ್ಟುತ್ತಾನೆ. ಅದೇ ಹೊತ್ತಿಗೆ ಬಾಗಿಲ ಬೆಲ್ಲು ಬಾರಿಸಿ ಕೊರಿಯರ್ ಹುಡುಗ ಇನ್ನೊಂದು ಸಲಿಕೆ ಇಟ್ಟು ಹೋಗುತ್ತಾನೆ. ಅವನ ಹೆಂಡತಿ ಏನೂ ಹೇಳುವುದಿಲ್ಲ. ಪೆಟ್ಟಿಗೆಯನ್ನು ಗರಾಜಿಗೆ ಒಯ್ದು ಹಳೆಯ ಪೆಟ್ಟಿಗೆಗಳ ಮೇಲೆ ಪೇರಿಸಿ ಬರುತ್ತಾರೆ.

ಕಾನೂನಿಗೆ ಹೆದರುವುದರಲ್ಲಿ ಎಚ್‌-1 ವೀಸಾದ ದಿನಗಳ ಅಭ್ಯಾಸ ಹೋಗಿಲ್ಲ. 1872ರ ಗಣಿ ಕಾಯ್ದೆ ಇನ್ನೂ ಜಾರಿಯಲ್ಲಿರುವುದರಿಂದ ಹೊಳೆಯ ದಂಡೆಯನ್ನು ಯಾರೋ ಕ್ಲೇಮು ಹಾಕಿಕೊಂಡಿರಬಹುದು, ಅಲ್ಲಿ ತಟ್ಟೆ ಅದ್ದಿದರೆ ಕಳ್ಳತನ. ಆದ್ದರಿಂದ ಕ್ಲೇಮುಗಳ ನಕ್ಷೆಯನ್ನು ಪ್ರಿಂಟು ತೆಗೆದು ಲ್ಯಾಮಿನೇಟ್ ಮಾಡಿಸಿದ್ದಾನೆ. ಸ್ಟೇಟ್ ಪಾರ್ಕುಗಳಲ್ಲಿ ಒಬ್ಬರು ದಿನಕ್ಕೆ 15 ಪೌಂಡಿಗಿಂತ ಹೆಚ್ಚು ಕಲ್ಲುಮಣ್ಣು ಒಯ್ಯುವಂತಿಲ್ಲ. ಬಗ್ಗಡ ನೀರು 20 ಅಡಿಯಾಚೆ ಕಾಣುವಂತಿಲ್ಲ. ಇವನು ಹೊರಟಿರುವುದು ಟಾಹೋ ರಾಷ್ಟ್ರೀಯ ಅರಣ್ಯಕ್ಕೆ, ಸ್ಟೇಟ್ ಪಾರ್ಕಿಗಲ್ಲ. ಆದರೂ ಟೇಪು ಇದೆ, ಮರಳು ತೂಗಲು ತಕ್ಕಡಿಯೂ ಇದೆ. ಊರಿಗೆ ಹೊರಡುವಾಗ ಸೂಟ್‌ಕೇಸು 23 ಕೆಜಿ ದಾಟಿತೋ ಎಂದು ಎತ್ತಿ ನೋಡುತ್ತೇವಲ್ಲ, ಅದೇ ಕೊಕ್ಕೆಯ ತಕ್ಕಡಿ.

ಒಮ್ಮೆ ತಾಲೀಮು ನಡೆಯಿತು, ಮನೆಯ ಬಾತ್‌ಟಬ್ಬಿನಲ್ಲಿ. ಹತ್ತು ಸೀಸದ ಚೂರುಗಳನ್ನು ಚಪ್ಪಟೆ ಬಡಿದು, ಮರಳಿನಲ್ಲಿ ಬೆರೆಸಿ, ತಟ್ಟೆಯಲ್ಲಿ ತೊಳೆದ ಮೇಲೆ ಹತ್ತೂ ಉಳಿದರೆ ಕೈ ಪಳಗಿತು ಎಂದು ಲೆಕ್ಕ. ಇದು ಚಿನ್ನ ತೊಳೆಯುವವರು ನಿಜವಾಗಿಯೂ ಮಾಡುವ ಅಭ್ಯಾಸ. ನಾವು ನಾಲ್ಕು ಜನ ಬಾಗಿಲಲ್ಲಿ ನಿಂತು ನೋಡಿದೆವು. ಪ್ಲಾನಪ್ಪ ತಟ್ಟೆಯನ್ನು ಸ್ಟೀರಿಂಗಿನಂತೆ ಹಿಡಿದು ಗಿರಗಿರ ತಿರುಗಿಸಿದ. ಮೊದಲ ಸಲ ಮೂರು ಉಳಿದವು, ಮುಂದಿನ ಸಲ ಎರಡು. ಮಿಕ್ಕವು ಮರಳಿನ ಜೊತೆ ಕೊಳವೆಗೆ ಹೋದವು.

ಆರು ತಿಂಗಳಿಗೆಂದು ಊರಿಂದ ಬಂದಿದ್ದ ಅವನ ತಾಯಿ ನಮ್ಮೆಲ್ಲರನ್ನೂ ಸರಿಸಿಕೊಂಡು ಒಳಬಂದರು.

"ಇದೇನೋ ತಮ್ಮಾ, ಅಕ್ಕಿ ಜಾಲಿಸಿದಂಗ ಐತಲ್ಲ. ಸರಿ ಅತ್ತಾಗ."

"ಯವ್ವಾ, ಇದಕ್ಕ ಟೆಕ್ನಿಕ್ ಐತಿ."

"ಇರಲಿ ಕೊಡು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಟಬ್ಬಿನ ಅಂಚಿಗೆ ಕೂತರು. ಮತ್ತೆ ಹತ್ತು ಚೂರು ಬೆರೆಸಿದ ತಟ್ಟೆಯನ್ನು ನೀರಲ್ಲಿ ಮುಳುಗಿಸಿ ಮೊದಲು ಸುಮ್ಮನೆ ಅಲುಗಿಸಿದರು, ಅವಸರವಿಲ್ಲದೆ, ತಳಕ್ಕಿಳಿಯುವುದು ಇಳಿಯಲಿ ಎಂದು. ಆಮೇಲೆ ಅಂಚನ್ನು ಒಂದಿಷ್ಟೇ ಬಾಗಿಸಿ, ಹೆಬ್ಬೆರಳಿನಿಂದ ನೀರನ್ನು ಹಿಂದೆ ಮುಂದೆ ಮಾಡುತ್ತ, ಮೇಲಿನ ಮರಳನ್ನು ಪದರ ಪದರವಾಗಿ ಹೊರಗೆ ಬಿಟ್ಟರು. ಕೊನೆಗೆ ತಳದಲ್ಲಿ ಚಿಟಿಕೆ ಕಪ್ಪುಪುಡಿ, ಅದರ ಪಕ್ಕ ಸೀಸದ ಚೂರುಗಳು ಸಾಲಾಗಿ. ಎಣಿಸಿದೆವು: ಹತ್ತಕ್ಕೆ ಹತ್ತು.

"ನಾವು ತಳದಾಗಿನ ಕಲ್ಲ ಒಗದು ಮ್ಯಾಲಿಂದ ಇಟಗೊಂತಿದ್ವಿ. ನಿಮ್ದು ಉಲ್ಟಾ, ಅಷ್ಟ" ಎಂದು ಕೈ ಒರೆಸಿಕೊಂಡು ಅಡಿಗೆಮನೆಗೆ ಹೋದರು.

ತಂಡಕ್ಕೆ ಅವರನ್ನೇ ನಾಯಕಿ ಮಾಡೋಣ ಎಂದು ಯಾರೋ ಅಂದರು. ಪ್ಲಾನಪ್ಪ "ವೃದ್ಧರ ಮೆಡಿಕಲ್ ಇನ್ಶೂರೆನ್ಸ್" ಎಂಬ ಹೊಸ ಕಾಲಮ್ಮು ತೆರೆದ. ಅದು ಭರ್ತಿಯಾಗುವ ಮೊದಲೇ ಅವರ ಆರು ತಿಂಗಳು ಮುಗಿಯಿತು. ಟಬ್ಬಿನ ಕೊಳವೆ ಬಿಡಿಸಲು ಬಂದ ಪ್ಲಂಬರ್ ತೆಗೆದುಕೊಂಡ ಕೂಲಿ ನೋಡಿದರೆ, ಈ ಯೋಜನೆಯಲ್ಲಿ ಇದುವರೆಗೆ ಚಿನ್ನ ಸಿಕ್ಕಿದ್ದು ಅವನೊಬ್ಬನಿಗೇ.

ಪ್ರವಾಸ ಮುಂದೂಡಲು ಅವನು ಎಂದೂ ಸುಳ್ಳು ಹೇಳುವವನಲ್ಲ, ಪ್ರಕೃತಿಯೇ ಅವನ ಪರ. 2017ರಲ್ಲಿ ಓರೊವಿಲ್ ಅಣೆಕಟ್ಟಿನ ಕೋಡಿ ಕೊಚ್ಚಿಹೋಗುವಷ್ಟು ನೀರು ಬಂತು. "ಪ್ರವಾಹ ಹೊಸ ಚಿನ್ನ ತರ್ತೈತಿ, ಇಳೀಲಿ ತಡೀರಿ" ಎಂದ. ಇಳಿಯುವಷ್ಟರಲ್ಲಿ ಮಕ್ಕಳ ಶಾಲೆ ಶುರುವಾಯಿತು. 2020ರ ಕಾರಣ ಹೇಳಬೇಕಾಗಿಲ್ಲ. 2021ರ ಆಗಸ್ಟ್ ಕೊನೆಗೆ ಕಾಳ್ಗಿಚ್ಚಿನ ಭಯಕ್ಕೆ ರಾಜ್ಯದ ಬಹುತೇಕ ರಾಷ್ಟ್ರೀಯ ಅರಣ್ಯಗಳ ಬಾಗಿಲನ್ನೇ ಹಾಕಿದರು. 2023ರಲ್ಲಿ ಸಿಯೆರಾದ ಮೇಲೆ ವಿಪರೀತ ಹಿಮ ಬಿದ್ದು ಹೊಳೆಗಳು ಬೇಸಗೆಯಲ್ಲೂ ತುಂಬಿ ಹರಿದವು. ಎಲ್ಲ ನಿಜ. ಮಧ್ಯೆ ಬಂದ ಒಳ್ಳೆಯ ವರ್ಷಗಳಲ್ಲಿ ಮಾತ್ರ ಸ್ಪ್ರೆಡ್‌ಶೀಟು ತಯಾರಿರಲಿಲ್ಲ.

ಇಷ್ಟರಲ್ಲಿ ನಮ್ಮದೇ ಕೂಟದ ಒಂದು ಸಂಸಾರ, ಯಾರಿಗೂ ಹೇಳದೆ ಕೇಳದೆ, ಒಂದು ಶನಿವಾರ ಚಿತ್ರಾನ್ನ ಕಟ್ಟಿಕೊಂಡು ಕೊಲೋಮಾಕ್ಕೆ ಹೋಗಿಬಂತು. 1848ರ ಜನವರಿ 24ರಂದು ಸಟರನ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಚಿನ್ನ ಕಂಡ ಜಾಗ ಅದು. ಈಗ ಅದೊಂದು ಪಾರ್ಕು; ತಟ್ಟೆ ಮತ್ತು ಕೈ ಮಾತ್ರ ಬಳಸಿ ಜಾಲಿಸಬಹುದು. ಅವರ ಏಳು ವರ್ಷದ ಮಗಳಿಗೆ ಸಾಸಿವೆಗಿಂತ ಚಿಕ್ಕ ಕಣವೊಂದು ಸಿಕ್ಕಿತು. ಸೆಲ್ಲೋಟೇಪಿಗೆ ಅಂಟಿಸಿಕೊಂಡು ಬಂದು ಎಲ್ಲರಿಗೂ ತೋರಿಸಿದಳು. ಪ್ಲಾನಪ್ಪ ಕನ್ನಡಕ ಏರಿಸಿ ನೋಡಿದ, ಅಂಗೈ ಅಡ್ಡ ಹಿಡಿದು ನೆರಳಿನಲ್ಲೂ ನೋಡಿದ. ಹೊಳೆಯಿತು.

"ಚಿನ್ನಾನ. ಆದರ ಕೊಲೋಮಾ ಅಂದ್ರ ಬರೇ ಪಿಕ್‌ನಿಕ್ ಜಾಗ" ಎಂದು ತೀರ್ಪು ಕೊಟ್ಟ. ರಾತ್ರಿ ನಮಗೆಲ್ಲ ಪರಿಷ್ಕೃತ ಸಾಮಾನು ಪಟ್ಟಿ ಬಂತು. ಹೊಸದಾಗಿ ಸೇರಿದ್ದು ಒಂದೇ: ಸೆಲ್ಲೋಟೇಪು, ಎರಡು ರೋಲು.

ಈ ಸಲ ಸೆಪ್ಟೆಂಬರ್ ಎನ್ನುತ್ತಿದ್ದಾನೆ. ಹೊಳೆ ಇಳಿದಿರುತ್ತದೆ, ತಳದ ಕಲ್ಲು ತೆರೆದಿರುತ್ತದೆ, ಜನ ಕಡಿಮೆ. ನಿಮಗೂ ಕರೆ ಬಂದರೆ ಒಪ್ಪಿಕೊಳ್ಳಿ. ಪೂರ್ವಸಿದ್ಧತಾ ಸಭೆಗಳಲ್ಲಿ ಅವನ ಹೆಂಡತಿ ಮಾಡುವ ಗಿರ್ಮಿಟ್ಟು, ಮಿರ್ಚಿ ಬಜ್ಜಿ ಗದಗಿನ ಸ್ಟೇಷನ್ ರಸ್ತೆಯನ್ನು ನೆನಪಿಸುತ್ತವೆ. ಆಫೀಸಿನಲ್ಲಿ ರಜೆ ಮಾತ್ರ ಹಾಕಬೇಡಿ.